ಮನಸ್ಸು ಸರಿಯಿಲ್ಲ. ಮಂಗಳೂರಿನ ಡಾಕ್ಟರ ಬದಲು ಊರಿನ ಭಜನಾ ಮಂಡಳಿ ಸೇರಿದರೆ ಸಾಕಾ?

ಅಂಕೋಲೆಯವರು, ಆರು ತಿಂಗಳಿಂದ ನಿದ್ದೆಯಿಲ್ಲ ಅಂತ ಬರೆದಿದ್ದೀರಿ. ನಾನು ಕುಮಟೆಯವನು. ಇದೇ ಪ್ರಶ್ನೆಯನ್ನು ನಾನು ನೇರ ದೇವರ ಮುಂದೆಯೇ ಇಟ್ಟಿದ್ದೆ.

ಬಸ್‌ಸ್ಟ್ಯಾಂಡ್ ಹತ್ತಿರ ನನ್ನದೊಂದು ಝೆರಾಕ್ಸ್ ಅಂಗಡಿ ಇತ್ತು. ಒಂದು ಬೇಸಿಗೆಯಲ್ಲಿ ಶಟರ್ ಎತ್ತಲು ಕೈಯೇ ಏಳದ ಹಾಗಾಯಿತು. ಡಾಕ್ಟರು ಖಿನ್ನತೆ ಅಂತ ಹೇಳಿ ಗುಳಿಗೆ ಬರೆದರು. ಅದೇ ವಾರದಿಂದ ಆಯಿ ನನ್ನನ್ನು ಶನಿವಾರದ ಭಜನೆಗೆ ಎಳಕೊಂಡು ಹೋಗತೊಡಗಿದಳು. ಆರು ವಾರದಲ್ಲಿ ನಿದ್ದೆ ಬಂತು, ಗಂಜಿ ರುಚಿಸಿತು. ಭಜನೆಯಿಂದಲೇ ಗುಣವಾಯಿತು ಅನ್ನುವುದರಲ್ಲಿ ಮನೆಯಲ್ಲಿ ಯಾರಿಗೂ ಅನುಮಾನವಿರಲಿಲ್ಲ, ನನಗೂ.

ಆಮೇಲೆ ಪ್ರಸಾದ ಕೇಳಿಸಿದೆವು. ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತೇ ಇದೆ: ಮೂರ್ತಿಗೆ ಹೂವಿನ ಎಸಳು ಅಂಟಿಸುತ್ತಾರೆ, ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಅಲ್ಲ. ನಾನು ಕೇಳಿದ್ದು, "ಗುಳಿಗೆ ಇಲ್ಲದೇ ನಾನು ಹುಷಾರಾಗ್ತೇನಾ?" ಬಲಕ್ಕೆ ಬಿತ್ತು. ಅವತ್ತು ರಾತ್ರಿಯೇ ಗುಳಿಗೆ ಬಿಟ್ಟೆ. ಅರ್ಧ ಉಳಿದ ಸ್ಟ್ರಿಪ್ ದೇವರ ಗೂಡಿನಲ್ಲೇ ಇತ್ತು.

ಈ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಸರ ಮಾಡ್ಕೊಬೇಡಿ. ಒಂದನೆಯದು, ಈ ಗುಳಿಗೆಗಳು ಹಿಡಿಯಲು 2ರಿಂದ 4 ವಾರ ಬೇಕು, ಪೂರ್ತಿ ಗುಣ ಕಾಣಲು ಇನ್ನೂ ಹೆಚ್ಚು. ಆ ಲೆಕ್ಕ ನನ್ನ ಆರು ವಾರಕ್ಕೆ ಸರಿಯಾಗಿ ಕೂಡುತ್ತದೆ. ನಾನು ಕೂಡಿಸಲೇ ಇಲ್ಲ. ಎರಡನೆಯದು, ಹುಷಾರಾದ ಮೇಲೂ ಕಡಿಮೆಯೆಂದರೆ 6 ತಿಂಗಳು ನುಂಗಬೇಕು, ಬಿಡುವಾಗ ಡಾಕ್ಟರು ಹೇಳಿದಂತೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ನಾನು ಒಮ್ಮೆಲೇ ಬಿಟ್ಟದ್ದಕ್ಕೆ ನಾಲ್ಕೈದು ದಿನ, ದೋಣಿಯಿಂದ ಇಳಿದ ಮೇಲೂ ನೆಲ ಅಲುಗುತ್ತದಲ್ಲ, ಹಾಗೆ ತಲೆ ತಿರುಗಿತು. "ಕೆಟ್ಟ ದೃಷ್ಟಿ ಇಳೀತಾ ಇದೆ" ಅಂದಳು ಆಯಿ. ಆಮೇಲಿನ ಒಂದು ತಿಂಗಳು ಆರಾಮಿದ್ದೆ. ನಿಜವಾಗಿ ಮೋಸ ಮಾಡಿದ್ದು ಆ ತಿಂಗಳು. ಮೂರನೆಯದು, ಎಸಳು ಸುಳ್ಳು ಹೇಳಿತು ಅಂತ ನಾನು ಇವತ್ತಿಗೂ ಹೇಳುವುದಿಲ್ಲ. ಇವತ್ತೇ ಬಿಡು ಅಂತ ದೇವರು ಎಲ್ಲಿ ಹೇಳಿದ? ಅದನ್ನು ಸೇರಿಸಿದವನು ನಾನು.

ಜೂನ್‌ನಲ್ಲಿ ಮತ್ತೆ ಬಿದ್ದೆ. ಅಡ್ಮಿಷನ್ ಸೀಸನ್ನು, ಜಾತಿ-ಆದಾಯ ಪ್ರಮಾಣಪತ್ರದ ಪ್ರತಿಗೆ ಸಾಲು ನಿಲ್ಲುವ ತಿಂಗಳು. ಅಂಗಡಿ ಮುಚ್ಚೇ ಇತ್ತು. ಬಾಡಿಗೆ ಬಾಕಿ ಏರಿ ಏರಿ ಡಿಪಾಸಿಟ್ಟಿನಲ್ಲೇ ಮುರಿದುಹೋಯಿತು, ಅಂಗಡಿ ಬೇರೆಯವರದಾಯಿತು. ನೆಂಟರೊಬ್ಬರು ಇವನನ್ನು ದೂರದ ಯಾವುದೋ ಕ್ಷೇತ್ರದಲ್ಲಿ ಬಿಟ್ಟು ಬನ್ನಿ ಅಂದರು. ತಮಿಳುನಾಡಿನ ಏರ್ವಾಡಿ ದರ್ಗಾದ ಊರಿನಲ್ಲಿ 2001ರಲ್ಲಿ ಬೆಂಕಿಗೆ ಸಿಕ್ಕಿದ್ದು ಮನೆಯವರು ಹಾಗೆ ಬಿಟ್ಟುಹೋಗಿದ್ದ ಮನೋರೋಗಿಗಳೇ. ಸರಪಳಿ ಕಟ್ಟಿದ್ದರಿಂದ ಓಡಲಾಗದೆ 28 ಜನ ಸತ್ತರು. ಪುಣ್ಯಕ್ಕೆ ಅಪ್ಪ ಒಪ್ಪಲಿಲ್ಲ.

ಹಾಗಾದರೆ ಭಜನೆ ದಂಡವಾ? ಅಲ್ಲ. ಮೂರು ಶನಿವಾರ ಕಾಣಲಿಲ್ಲವೆಂದು ಮನೆಗೆ ಬಂದದ್ದು ಮಂಡಳಿಯಲ್ಲಿ ಮದ್ದಳೆ ಬಾರಿಸುವ ಮಾವ. ಉಪದೇಶ ಮಾಡಲಿಲ್ಲ. ಜಗಲಿಯಲ್ಲಿ ಕೂತು ಅವಲಕ್ಕಿ ತಿಂದು ಹೋದರು. ಮರುದಿನ ಮತ್ತೆ ಬಂದರು. ನಾನು ಇನ್ನೊಮ್ಮೆ ಪ್ರಸಾದ ಕೇಳಿಸುವಾ ಅಂದದ್ದಕ್ಕೆ ಭಟ್ಟರ ಹತ್ತಿರ ಕರಕೊಂಡು ಹೋದರು. ಭಟ್ಟರು ಎಸಳು ಮುಟ್ಟಲೇ ಇಲ್ಲ. "ತಮಾ, ಬಾವಿ ತೋಡೂಕೆ ಜಾಗ ಕೇಳ್ತ್ರು, ಮಗಳ ಲಗ್ನ ಕೇಳ್ತ್ರು. ಗುಳಿಗೆ ಕೇಳ್ದವ ನೀನೇ ಮೊದ್ಲು. ಮಂಗಳವಾರ ಆಸ್ಪತ್ರೆಗೆ ಹೋಗು."

ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣುವುದಿಲ್ಲ. ಮಂಗಳೂರು ಇಲ್ಲವೇ ಭಜನೆ ಅಂತ ಎರಡೇ ದಾರಿ ಯಾಕೆ? ಮನೋಚೈತನ್ಯ ಅನ್ನುವ ಸರಕಾರಿ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರಗಳಲ್ಲಿ ತಾಲೂಕು ಆಸ್ಪತ್ರೆಗಳಿಗೆ ಬರುತ್ತಾರೆ. ನಿಮ್ಮಲ್ಲಿ ಯಾವ ಮಂಗಳವಾರ ಅಂತ ಮೊದಲೇ ವಿಚಾರಿಸಿ. ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆಯೂ ನಿಮಗೆ ಮಂಗಳೂರಿಗಿಂತ ಹತ್ತಿರ. ಸಾಯುವ ಯೋಚನೆ ಬಂದಿದ್ದರೆ ಮಂಗಳವಾರದ ತನಕ ಕಾಯಬೇಡಿ, ಈಗಲೇ 14416ಕ್ಕೆ ಫೋನು ಮಾಡಿ. ಟೆಲಿ ಮಾನಸ್ ಅಂತ, 2022ರಲ್ಲಿ ಶುರುವಾದದ್ದು. ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಭಜನೆಗೂ ಹೋಗಿ. ಆದರೆ ಮಂಡಳಿಗೆಲ್ಲ ಹೇಳ್ಕೊಬೇಡಿ, ಶನಿವಾರ ಹೇಳಿದ್ದು ಭಾನುವಾರ ಮೀನು ಮಾರ್ಕೆಟ್ಟಿನಲ್ಲಿರುತ್ತದೆ. ಒಬ್ಬರಿಗೆ ಹೇಳಿ. ಯಾರಿಗೆ ಅಂದರೆ, ಕೇಳಿದ ಕೂಡಲೇ ಹರಕೆ ಬಾಕಿ ಇದೆಯಾ ಅಂತ ವಿಚಾರಿಸದವರಿಗೆ.

ಮಾವ ಅವತ್ತು ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋದರು. ಚೀಟಿ ಮಾಡಿಸುವ ಸಾಲಿನಲ್ಲಿ ಅವರೇ ನಿಂತರು, ನಾನು ಬೆಂಚಿನ ಮೇಲೆ ಕೂತೆ. ನೀವು ಹೋಗುವುದಾದರೆ ಒಂಬತ್ತರೊಳಗೆ ಹೋಗಿ, ಹಳೆಯ ಚೀಟಿ ಇದ್ದರೆ ಹಿಡಕೊಂಡೇ ಹೋಗಿ.