ಹಾಸ್ಟೆಲಿಗೆ ಸೌರಫಲಕ ಹಾಕಿದರೆ ಸಾಕೇ?

ಪ್ರಶ್ನೆ: ನಮ್ಮ ಕಾಲೇಜು ವಿದ್ಯಾರ್ಥಿನಿಯರಿಗಾಗಿ ಮೂರು ಅಂತಸ್ತಿನ ಹೊಸ ಹಾಸ್ಟೆಲ್ ಕಟ್ಟಲಿದೆ. ಚಾವಣಿಯ ಮೇಲೆ ಸೌರವಿದ್ಯುತ್ ಫಲಕ ಹಾಕಿದರೆ ಸಾಕೇ, ವಿನ್ಯಾಸದಲ್ಲಿಯೂ ಗಮನಿಸಬೇಕಾದುದು ಇದೆಯೇ?
— ಓದುಗರು, ಧಾರವಾಡ

ಉತ್ತರ: ಫಲಕಗಳಿಗಿಂತ ಮೊದಲು ನಕ್ಷೆಯನ್ನು ನೋಡಿ. ಕಟ್ಟಡದ ಉದ್ದ ಪೂರ್ವ-ಪಶ್ಚಿಮವಾಗಿದ್ದು ಕೋಣೆಗಳ ಕಿಟಕಿಗಳು ಉತ್ತರ ಮತ್ತು ದಕ್ಷಿಣಕ್ಕೆ ತೆರೆದರೆ, ದಕ್ಷಿಣದ ಬಿಸಿಲನ್ನು ಕಿಟಕಿಯ ಮೇಲೆ ಚಾಚಿದ ಸಾಮಾನ್ಯ ಸಜ್ಜಾವೇ ತಡೆಯುತ್ತದೆ. ಸಂಜೆ ಓರೆಯಾಗಿ ಬೀಳುವ ಪಶ್ಚಿಮದ ಬಿಸಿಲಿಗೆ ಸಜ್ಜಾ ಸಾಲದು, ಆದ್ದರಿಂದ ಮೆಟ್ಟಿಲು, ಉಗ್ರಾಣಗಳನ್ನು ಆ ಬದಿಗೆ ಇಡಿ.

ಹಾಸ್ಟೆಲಿನಲ್ಲಿ ವಿದ್ಯುತ್ತನ್ನು ಹೆಚ್ಚಾಗಿ ನುಂಗುವುದು ಬೆಳಗಿನ ಸ್ನಾನದ ನೀರು. 100 ಲೀಟರ್ ನೀರನ್ನು 25ರಿಂದ 60 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಲು ಸುಮಾರು 4 ಯೂನಿಟ್ ಬೇಕು. ಇಷ್ಟನ್ನೇ ಫಲಕಗಳಿಂದ ಒಂದು ದಿನದಲ್ಲಿ ಉತ್ಪಾದಿಸಲು 1 ಕಿಲೋವಾಟ್ ಘಟಕ, ಅಂದರೆ ಓಡಾಡುವ ಜಾಗವೂ ಸೇರಿ ಸುಮಾರು 10 ಚದರ ಮೀಟರ್ ಚಾವಣಿ ಬೇಕಾಗುತ್ತದೆ. ಸೋಲಾರ್ ವಾಟರ್ ಹೀಟರ್‌ಗಾದರೆ ಒಳ್ಳೆಯ ಬಿಸಿಲಿನಲ್ಲಿ ಬಿಸಿಲಿನ ಶಾಖ ಹಿಡಿಯುವ ಸುಮಾರು 2 ಚದರ ಮೀಟರ್ ಸಂಗ್ರಾಹಕ ಸಾಕು. ಆದುದರಿಂದ ಚಾವಣಿಯ ಮೊದಲ ಹಕ್ಕು ಹೀಟರಿನದು, ಉಳಿದ ಜಾಗ ಫಲಕಗಳದು ಎಂಬುದು ನನ್ನ ದೃಢ ಅಭಿಪ್ರಾಯ.

ಎಷ್ಟೋ ಹಾಸ್ಟೆಲುಗಳಲ್ಲಿ ಹೀಟರ್ ಇದ್ದೂ ಬಿಸಿನೀರು ಬರುವುದಿಲ್ಲವೆಂಬ ದೂರಿಗೆ ಉದ್ದವಾದ, ಹೊದಿಕೆಯಿಲ್ಲದ ಕೊಳವೆಗಳು ಮುಖ್ಯ ಕಾರಣ. ರಾತ್ರಿ ಅವುಗಳಲ್ಲಿ ತಣಿದ ನೀರನ್ನು ಬೆಳಿಗ್ಗೆ ಪ್ರತಿ ನಲ್ಲಿಯಲ್ಲೂ ಸುಮ್ಮನೆ ಹರಿಯಬಿಡಬೇಕಾಗುತ್ತದೆ. ಸ್ನಾನದ ಮನೆಗಳನ್ನು ಒಂದರ ಮೇಲೊಂದು ಬರುವಂತೆ ಯೋಜಿಸಿ, ಬಿಸಿನೀರಿನ ತೊಟ್ಟಿಯನ್ನು ನೇರವಾಗಿ ಅವುಗಳ ಮೇಲಿಡಿ, ಕೊಳವೆಗಳಿಗೆ ಶಾಖ ತಡೆಯುವ ಹೊದಿಕೆ ಹಾಕಿಸಿ. ಧಾರವಾಡದ ಮಳೆಗಾಲದ ಮೋಡ ಕವಿದ ದಿನಗಳಿಗೆ ಪೂರಕ ವಿದ್ಯುತ್ ಹೀಟರ್ ಬೇಕೇ ಬೇಕು.