ಗೇಟು ಮುಚ್ಚಿಯೇ ಇದ್ದರೆ?

ನಮಸ್ಕಾರ. ನೀವು ಕಳಿಸಿದ ‘ತಪ್ಪೇ ಇಲ್ಲದ ಯಂತ್ರಗಳು’ ಲೇಖನವನ್ನು ಎರಡು ಸಲ ಓದಿದೆ. ಚಿಪ್ ಆಗಲಿ ತಂತ್ರಾಂಶವಾಗಲಿ ಸರಿಯಿದೆಯೆಂದು ಗಣಿತದಿಂದ ಸಾಧಿಸುವ ವಿದ್ಯೆಯ ಬಗ್ಗೆ ಕನ್ನಡದಲ್ಲಿ ಬರೆಯುವವರು ವಿರಳ. ಹಾಗಾಗಿ ಬಿಟ್ಟುಕೊಡಲು ಮನಸ್ಸಿಲ್ಲ. ಆದರೆ ಈಗಿರುವ ಹಾಗೆ ಅಚ್ಚಿಗೆ ಕೊಡಲಾರೆ.

ಮೊದಲು ಒಂದು ಪದ. ಉದ್ದಕ್ಕೂ ‘ಔಪಚಾರಿಕ ಪರಿಶೀಲನೆ’ ಎಂದಿದ್ದೀರಿ. ನಮ್ಮ ಜನರ ಕಿವಿಗೆ ಅದು ಶಾಸ್ತ್ರಕ್ಕೆ ಮಾಡಿದ ಪರಿಶೀಲನೆ, ಕಾಟಾಚಾರದ್ದು. ನೀವು ಹೇಳಹೊರಟದ್ದಕ್ಕೆ ತದ್ವಿರುದ್ಧ! ‘ಫಾರ್ಮಲ್ ವೆರಿಫಿಕೇಶನ್’ ಎಂದೇ ಇಡಿ. ಒಮ್ಮೆ ‘ಗಣಿತದ ರುಜುವಾತು’ ಎಂದು ಬಿಡಿಸಿ ಹೇಳಿದರೆ ಸಾಕು.

1994ರಲ್ಲಿ ಇಂಟೆಲ್‌ನ ಪೆಂಟಿಯಂ ಚಿಪ್ ಭಾಗಾಕಾರದಲ್ಲಿ ತಪ್ಪಿದ ಪ್ರಸಂಗವನ್ನು ‘ಸರಿಯಾಗಿ ಪರೀಕ್ಷಿಸಲಿಲ್ಲ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಭಾಗಾಕಾರಕ್ಕೆಂದು ಚಿಪ್ಪಿನೊಳಗಿದ್ದ ಕೋಷ್ಟಕದಲ್ಲಿ ಕೆಲವು ನಮೂದುಗಳು ಬಿಟ್ಟುಹೋಗಿದ್ದವು, ತಪ್ಪು ಕಾಣುತ್ತಿದ್ದದ್ದು ಅಪರೂಪದ ಸಂಖ್ಯೆಗಳಲ್ಲಿ ಮಾತ್ರ. ಇಂಟೆಲ್ 47.5 ಕೋಟಿ ಡಾಲರ್ ನಷ್ಟ ಬರೆದುಕೊಂಡಿತು. ಎರಡು 64 ಬಿಟ್ (0 ಅಥವಾ 1ರ 64 ಅಂಕಿಗಳ) ಸಂಖ್ಯೆಗಳ ಸಾಧ್ಯ ಜೋಡಿಗಳೇ 2ರ 128ನೇ ಘಾತದಷ್ಟು; ಒಂದೊಂದನ್ನೂ ಕೊಟ್ಟು ನೋಡಲು ಯಾರಿಗೂ ಆಗದು. ಇಷ್ಟು ಹೇಳಿದರೆ ರುಜುವಾತು ಏಕೆ ಬೇಕೆಂದು ಓದುಗರಿಗೇ ಹೊಳೆಯುತ್ತದೆ.

ನನ್ನ ದೊಡ್ಡ ತಕರಾರು ಕೊನೆಯ ಪುಟದ್ದು. ‘ರುಜುವಾತಾದ ವ್ಯವಸ್ಥೆ ತಪ್ಪಲು ಸಾಧ್ಯವಿಲ್ಲ’ ಎಂದು ಬರೆದಿದ್ದೀರಿ. ನೀವು ಮಂಡ್ಯದವರು, ಕಬ್ಬಿನ ಗಾಡಿಗಳ ಹಿಂದೆ ರೈಲ್ವೆ ಗೇಟಿನಲ್ಲಿ ಕಾದಿರುತ್ತೀರಿ. ‘ರೈಲು ದಾಟುವಾಗ ಗೇಟು ತೆರೆದಿರಬಾರದು’ ಎಂಬ ಒಂದೇ ನಿಯಮ ಬರೆದು ರುಜುವಾತು ಮಾಡಿ ನೋಡಿ. ಯಾವತ್ತೂ ತೆರೆಯದ ಗೇಟೂ ಪಾಸಾಗುತ್ತದೆ. ಗಣಿತದಲ್ಲಿ ಎಳ್ಳಷ್ಟೂ ತಪ್ಪಿಲ್ಲ, ಆದರೆ ಕಬ್ಬು ಕಾರ್ಖಾನೆ ಮುಟ್ಟುವುದಿಲ್ಲ. ‘ಮುಚ್ಚಿದ ಗೇಟು ಎಂದಾದರೂ ತೆರೆಯಲೇಬೇಕು’ ಎಂಬ ಎರಡನೆಯ ನಿಯಮವೂ ಬೇಕು. ಈ ‘ಯಾವಾಗಲೂ’, ‘ಎಂದಾದರೂ’ಗಳನ್ನು ಹಿಡಿದಿಡುವ ತರ್ಕವನ್ನೇ 1977ರಲ್ಲಿ ಗಣಕ ವಿಜ್ಞಾನಿ ಅಮೀರ್ ಪ್ನುವೇಲಿ ಪ್ರೋಗ್ರಾಮುಗಳಿಗೆ ತಂದದ್ದು. ನಿಯಮ ಬರೆಯುವವರು ಮನುಷ್ಯರು. ಅವರು ಕೇಳಲು ಮರೆತದ್ದಕ್ಕೆ ರುಜುವಾತು ಉತ್ತರ ಕೊಡುವುದಿಲ್ಲ.

ನೀವು ಹೊಗಳಿರುವ ಎಸ್‌ಇಎಲ್4 ಕರ್ನೆಲ್‌ನವರೇ (ಕರ್ನೆಲ್ ಎಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ರುಜುವಾತಿಗೂ ಮಿತಿಯಿದೆ ಎಂಬುದನ್ನು ಮುಚ್ಚಿಡಲಿಲ್ಲ. 2009ರಲ್ಲಿ ಸುಮಾರು 8,700 ಸಾಲುಗಳ ‘ಸಿ’ ಭಾಷೆಯ ಕೋಡನ್ನು ರುಜುವಾತು ಮಾಡಿದಾಗ, ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರ್ ಮತ್ತು ಹಾರ್ಡ್‌ವೇರ್ ಸರಿಯಿವೆ ಎಂದು ನಂಬಿಕೊಂಡಿದ್ದೇವೆ ಎಂದೂ ತಿಳಿಸಿದರು. ಆ ಪ್ರಾಮಾಣಿಕತೆ ನಿಮ್ಮ ಲೇಖನಕ್ಕೂ ಬರಬೇಕು.

ಮನುಕುಲದ ಪ್ರಗತಿಯ ಮೊದಲ ಎರಡು ಪ್ಯಾರಾ ತೆಗೆದುಹಾಕಿ, ಗೇಟಿನಿಂದಲೇ ಶುರುಮಾಡಿ. ತಿದ್ದುವಾಗ ಎಲ್ಲಾದರೂ ತೊಡಕಾದರೆ ಮೈಸೂರಿಗೆ ಬನ್ನಿ, ಎರಡನೆಯ ನಿಯಮವನ್ನು ಕಚೇರಿಯಲ್ಲೇ ಕೂತು ಒಟ್ಟಿಗೆ ಬರೆಯೋಣ.

ಸಂಪಾದಕಿ