ದೂರದಿಂದಲೇ ಉಪಶಾಮಕ ಆರೈಕೆ ಪಡೆಯಬಹುದೇ?

ಪ್ರಶ್ನೆ: ಮಲ್ಟಿಪಲ್ ಸ್ಕ್ಲೆರೋಸಿಸ್ (ಮಿದುಳು, ಬೆನ್ನುಹುರಿಗಳ ನರಗಳನ್ನು ಬಾಧಿಸುವ ರೋಗ) ಇರುವ ನನ್ನ ಅಕ್ಕ 3 ವರ್ಷಗಳಿಂದ ಹಾಸಿಗೆ ಹಿಡಿದಿದ್ದಾರೆ. ಬೆಂಗಳೂರಿನ ನರರೋಗ ತಜ್ಞರ ಬಳಿಗೆ ಕರೆದೊಯ್ದರೆ ಪ್ರಯಾಣದಿಂದಲೇ ವಾರಗಟ್ಟಲೆ ಬಳಲುತ್ತಾರೆ. ಉಪಶಾಮಕ ಆರೈಕೆಯನ್ನು ಫೋನಿನ ಮೂಲಕ ಪಡೆಯಬಹುದೇ? ಅದು ಕೊನೆಗಾಲದವರಿಗೆ ಮಾತ್ರವೆಂದು ಮನೆಯವರು ಹೆದರುತ್ತಿದ್ದಾರೆ.
– ಓದುಗರೊಬ್ಬರು, ಶಿರಸಿ

ಉತ್ತರ: ಆ ಹೆದರಿಕೆ ಬೇಡ. ನೋವು, ಸ್ನಾಯುಗಳ ಬಿಗಿತ, ನುಂಗುವ ಕಷ್ಟ, ಮೂತ್ರದ ತೊಂದರೆ ಮುಂತಾದವನ್ನು ಹತೋಟಿಯಲ್ಲಿಡುವ ಈ ಆರೈಕೆಯನ್ನು ನರರೋಗ ಚಿಕಿತ್ಸೆಯ ಜೊತೆಜೊತೆಗೇ ಪಡೆಯಬಹುದು. 2020ರ ಮಾರ್ಚ್‌ನಲ್ಲಿ ಹೊರಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯಂತೆ ನೋಂದಾಯಿತ ವೈದ್ಯರು ವಿಡಿಯೊ ಕರೆಯಲ್ಲಿ ರೋಗಿಯನ್ನು ನೋಡಿ ಹಲವು ಔಷಧಿಗಳನ್ನು ಬರೆದುಕೊಡಬಹುದಾದರೂ, ತೀವ್ರ ನೋವಿಗೆ ಕೊಡುವ ಮಾರ್ಫಿನ್‌ನಂಥವನ್ನು ಹಾಗೆ ಬರೆಯುವಂತಿಲ್ಲ. ಅವುಗಳಿಗೆ ಖುದ್ದು ಭೇಟಿಯೇ ಬೇಕು.

ಕಾಲು ಯಾವ ಹೊತ್ತಿನಲ್ಲಿ ಹೆಚ್ಚು ಬಿಗಿಯುತ್ತದೆ, ನೀರು ಕುಡಿಯುವಾಗ ಕೆಮ್ಮು ಬರುತ್ತದೆಯೇ ಎಂಬುದನ್ನು ಕರೆಗೆ ಮೊದಲೇ ಬರೆದಿಟ್ಟುಕೊಳ್ಳಿ; ಸೊಂಟ, ಹಿಮ್ಮಡಿಗಳ ಚರ್ಮ ಕೆಂಪಾಗಿದ್ದರೆ ಅಥವಾ ಕಪ್ಪಿಟ್ಟಿದ್ದರೆ ಅದು ಹಾಸಿಗೆ ಹುಣ್ಣಿನ ಸುಳಿವಿರಬಹುದು, ಒಳ್ಳೆಯ ಬೆಳಕಿನಲ್ಲಿ ಫೋಟೊ ತೆಗೆದು ಕಳುಹಿಸಿ. ನಿಶ್ಶಕ್ತಿ ಇದ್ದಕ್ಕಿದ್ದಂತೆ ಹೆಚ್ಚಿದರೆ ರೋಗವೇ ಉಲ್ಬಣಿಸಿತೆಂದು ಎದೆಗುಂದುವ ಮೊದಲು ಜ್ವರ ಮತ್ತು ಮೂತ್ರದ ಸೋಂಕನ್ನು ಪರೀಕ್ಷಿಸಬೇಕು, ಏಕೆಂದರೆ ಮೈ ಬಿಸಿಯೇರಿದರೆ ಹಳೆಯ ಲಕ್ಷಣಗಳೇ ಮರುಕಳಿಸಬಹುದು. ಬಿಗಿತಕ್ಕೆ ಬ್ಯಾಕ್ಲೋಫೆನ್ ಕೊಡುತ್ತಿದ್ದರೆ, ಗುಳಿಗೆ ಮುಗಿಯಿತೆಂದು ಒಮ್ಮೆಲೇ ನಿಲ್ಲಿಸಬೇಡಿ. ಅದರಿಂದ ಭ್ರಮೆ, ಅಪಸ್ಮಾರ ಉಂಟಾಗಬಹುದು.

ಕ್ಯಾಮೆರಾ ಎಲ್ಲವನ್ನೂ ತೋರಿಸದು. ಕ್ಯಾತಿಟರ್ (ಮೂತ್ರ ಹೊರಹೋಗಲು ಹಾಕುವ ನಳಿಕೆ) ಬದಲಿಸಲು, ಹುಣ್ಣಿಗೆ ಡ್ರೆಸ್ಸಿಂಗ್ ಮಾಡಲು ಸಮೀಪದ ಒಬ್ಬ ನರ್ಸ್ ಬೇಕೇ ಬೇಕು. ಕರೆಯ ವೇಳೆ ಅವರೂ ಪಕ್ಕದಲ್ಲಿದ್ದರೆ ವೈದ್ಯರ ಸೂಚನೆ ನೇರವಾಗಿ ಕೈಗೆ ಸಿಗುತ್ತದೆ. ಅಂದಹಾಗೆ, ನಿಮ್ಮ ನಿದ್ರೆ, ಬೆನ್ನುನೋವುಗಳ ಬಗ್ಗೆಯೂ ಅದೇ ಕರೆಯಲ್ಲಿ ಸಂಕೋಚವಿಲ್ಲದೆ ಹೇಳಿಕೊಳ್ಳಿ. ಆರೈಕೆ ಮಾಡುವವರನ್ನು ವಿಚಾರಿಸುವುದೂ ಉಪಶಾಮಕ ಆರೈಕೆಯ ತಂಡದ ಕೆಲಸವೇ.